ಬಿದ್ದ ಕೇಸು

ಜುಲೈ ತಿಂಗಳ ಒಂದು ಬೆಳಗ್ಗೆ ಆರೂಕಾಲಿಗೆ ಅಮ್ಮನ ಫೋನು ಬಂತು. ನಮ್ಮೂರು ತೀರ್ಥಹಳ್ಳಿಯಿಂದ ಆಗುಂಬೆ ಕಡೆಗೆ ಹೋಗುವ ದಾರಿಯಲ್ಲಿ ಒಳಗೆಲ್ಲೋ ಇದೆ. ನಮ್ಮ ಮನೆಯಲ್ಲಿ ಮೊಬೈಲಿಗೆ ಸಿಗ್ನಲ್ ಸಿಗುವುದು ಕೊಟ್ಟಿಗೆಯ ಹಿಂದೆ, ಗೊಬ್ಬರಗುಂಡಿಯ ಪಕ್ಕದಲ್ಲಿ ಮಾತ್ರ. ಆ ಮಳೆಯಲ್ಲಿ, ಅಷ್ಟು ಹೊತ್ತಿಗೆ, ಕಂಬಳಿಕೊಪ್ಪೆ ಹಾಕಿಕೊಂಡು ಅಮ್ಮ ಅಲ್ಲಿಗೆ ಹೋಗಿ ನಿಂತಿದ್ದಾಳೆ ಎಂದರೆ ಒಂದೋ ದನ ಕರು ಹಾಕಿರಬೇಕು, ಇಲ್ಲಾ ಯಾರೋ ಹೋಗಿರಬೇಕು.

"ಮಾರಾಯ, ಮಗು ಮೇಲೆ ಕೇಸು ಬಿದ್ದಿದೆ ಕಣೋ."

ಮಗು ಎಂದರೆ ಅಣ್ಣನ ಮಗ. ಮೆಲ್ಬರ್ನಿನಲ್ಲಿರುವ ಹನ್ನೊಂದು ವರ್ಷದ ಹುಡುಗ. ಅವನ ಮೇಲೆ ಎಂತ ಕೇಸು ಎಂದು ಕೇಳುವಷ್ಟರಲ್ಲಿ ಸಿಗ್ನಲ್ ಹೋಯಿತು. ನಾನು ಗಾಬರಿಯಲ್ಲಿ ಅಣ್ಣನಿಗೆ ಫೋನ್ ಮಾಡಿದೆ. ಅಲ್ಲಿ ಆಗ ಹತ್ತೂಮುಕ್ಕಾಲು. ಮೀಟಿಂಗಿನಲ್ಲಿದ್ದ. "ಮಗನ ಮೇಲೆ ಕೇಸಾಗಿದೆಯಂತೆ" ಎಂದಿದ್ದೇ ತಡ, ಅವನು ಹೊರಗೆ ಓಡಿ ಶಾಲೆಗೆ ಫೋನ್ ಮಾಡಿದ, ಅತ್ತಿಗೆಗೆ ಫೋನ್ ಮಾಡಿದ. ಅತ್ತಿಗೆ ಬೆಂಗಳೂರಿನಲ್ಲಿರುವ ಅವರ ಅಪ್ಪನಿಗೆ ಮಾಡಿದರು. ಅವರು ನನಗೆ ಫೋನ್ ಮಾಡಿ, "ಏನಂತ್ರೀ ಕೇಸು? ಯಾವ ಸೆಕ್ಷನ್ನು?" ಎಂದು ಕೇಳಿದರು. ಸುದ್ದಿ ಎರಡು ಖಂಡ ಸುತ್ತಿ ನನ್ನ ಹತ್ತಿರವೇ ವಾಪಸ್ ಬಂದಿತ್ತು.

ಹುಡುಗ ಶಾಲೆಯಲ್ಲಿ ಆರಾಮಾಗಿ ಬಾಳೆಹಣ್ಣು ತಿನ್ನುತ್ತಿದ್ದ. ಆಗಿದ್ದೇನೆಂದರೆ, ಹಿಂದಿನ ದಿನ ಅಜ್ಜಿಯ ಹತ್ತಿರ ಮಾತಾಡುವಾಗ ಶಾಲೆಯಿಂದ ಎಲ್ಲಿಗೋ ಕ್ಯಾಂಪಿಗೆ ಹೋಗುವ ವಿಷಯ ಹೇಳಿದ್ದಾನೆ. ರೇನ್‌ಕೋಟ್ ಇಟ್ಟುಕೊಂಡಿದ್ದೇನೆ, "ಜಸ್ಟ್ ಇನ್ ಕೇಸ್, ಅಜ್ಜಿ" ಎಂದಿದ್ದಾನೆ. ಅಮ್ಮನಿಗೆ ತಲುಪಿದ್ದು ಎರಡೇ ಶಬ್ದ. ಒಂದು ಕೋಟು, ಇನ್ನೊಂದು ಕೇಸು. ಕೋಟು ಹಾಕಿದವರು ಅಂದರೆ ವಕೀಲರು. ಮುಂದಿನದನ್ನು ಅಮ್ಮ ರಾತ್ರಿಯಿಡೀ ಮಲಗದೆ ತಾನೇ ಜೋಡಿಸಿಕೊಂಡಿದ್ದಳು.

"ಜಸ್ಟ್ ಇನ್ ಕೇಸ್ ಅಂದ್ರೆ 'ಯಾವುದಕ್ಕೂ ಇರಲಿ' ಅಂತ ಅಮ್ಮ" ಎಂದೆ.

"ಹಾಗಂತ ಹೇಳಬಾರ್ದಾ? ಒಂದು ಕೋಟು ಇಟ್ಕೊಳ್ಳೋದಕ್ಕೆ ಕೇಸು ಎಂತಕ್ಕೆ?"

ಆವತ್ತೇ ಅಮ್ಮ ತೀರ್ಮಾನ ಮಾಡಿದಳು. ಮೊಮ್ಮಗ ಆಡುವ ಭಾಷೆ ಗೊತ್ತಿಲ್ಲದೆ ತಾನೇ ಇಷ್ಟೆಲ್ಲ ಆಗಿದ್ದು? ದಿನಾ ಒಂದು ಇಂಗ್ಲಿಷ್ ಶಬ್ದ ಹೇಳಿಕೊಡು ಎಂದಳು. ನಾನು ಶಿವಮೊಗ್ಗದ ಸಹ್ಯಾದ್ರಿ ಕಾಲೇಜಿನಲ್ಲಿ ಐಚ್ಛಿಕ ಇಂಗ್ಲಿಷ್ ಓದಿದವನು. ಆ ಡಿಗ್ರಿಯಿಂದ ಇವತ್ತಿನವರೆಗೆ ಆಗಿರುವ ಉಪಯೋಗ ಎಂದರೆ ನೆಂಟರಿಗೆ ಔಷಧಿ ಡಬ್ಬಿಯ ಮೇಲಿನದ್ದನ್ನು ಓದಿ ಹೇಳುವುದು. ಒಂದು ಕೆಲಸ ಸಿಕ್ಕಿತಲ್ಲ ಎಂದು ಖುಷಿಯಾಯಿತು. ದಿನಕ್ಕೆ ಒಂದರಂತೆ ವರ್ಷಕ್ಕೆ 365 ಶಬ್ದ ಎಂದು ಅಮ್ಮ ಲೆಕ್ಕ ಹಾಕಿದಳು. ಮೊದಲನೆಯದು ಕೇಸೇ ಇರಲಿ ಎಂದು ಇಬ್ಬರೂ ಒಪ್ಪಿದೆವು. ಆ ಮಳೆಗಾಲ ಪೂರ್ತಿ ನಾವು ಎರಡನೇ ಶಬ್ದಕ್ಕೆ ಹೋಗಲೇ ಇಲ್ಲ. ತಪ್ಪು ನಮ್ಮದಲ್ಲ, ಆ ಶಬ್ದದ್ದು.

'ಯಾವುದಕ್ಕೂ ಇರಲಿ' ಅಮ್ಮನಿಗೆ ಕೂಡಲೇ ಹಿಡಿಸಿತು. ಹಿಡಿಸದೆ ಇರುತ್ತದೆಯೇ? ಮಲೆನಾಡಿನ ಮನೆ ನಡೆಯುವುದೇ ಅದರ ಮೇಲೆ. ಮಳೆ ಶುರುವಾಗುವ ಮುಂಚೆ ಸೌದೆ ಕೊಟ್ಟಿಗೆ ತುಂಬಬೇಕು, ಯಾವುದಕ್ಕೂ ಇರಲಿ. ಹಲಸಿನ ಹಪ್ಪಳ ಡಬ್ಬಿ ಸೇರಬೇಕು, ಅಪ್ಪೆಮಿಡಿ ಜಾಡಿ ಸೇರಬೇಕು, ಮೇಣದಬತ್ತಿ ನಾಲ್ಕು ಜಾಸ್ತಿ ಬೇಕು. ಎಲ್ಲ ಇನ್ ಕೇಸ್. ಆದರೆ ಮುಂದಿನ ಪಾಠಕ್ಕೆ ತೊಡಕು ಬಂತು. 'ಮಳೆ ಬಂದರೆ ಕೊಡೆ ತಗೋ' ಎನ್ನುವುದಕ್ಕೆ ಇಂಗ್ಲಿಷಿನಲ್ಲಿ 'ಇಫ್' ಸಾಕು. 'ಮಳೆ ಬರಬಹುದು, ಕೊಡೆ ಇಟ್ಟುಕೊಂಡಿರು' ಎನ್ನುವುದಕ್ಕೆ 'ಇನ್ ಕೇಸ್'. ಮೊದಲನೆಯದರಲ್ಲಿ ಮಳೆ ಮುಂಚೆ, ಕೊಡೆ ಆಮೇಲೆ. ಎರಡನೆಯದರಲ್ಲಿ ಕೊಡೆ ಮುಂಚೆ. ಇದನ್ನು ನಾನು ಬಹಳ ಹುರುಪಿನಿಂದ ವಿವರಿಸಿದೆ. ಅಮ್ಮ ಹೊರಗೆ ನೋಡಿದಳು. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7000 ಮಿಲಿಮೀಟರಿಗೂ ಹೆಚ್ಚು ಮಳೆ. ಅದರಲ್ಲಿ ನಮ್ಮ ಪಾಲು ಸೂರಿನಿಂದ ಧಾರೆಯಾಗಿ ಇಳಿಯುತ್ತಿತ್ತು.

"ಬಂದ್ರೆ, ಬರಬಹುದು, ಎಂತದೂ ಇಲ್ಲ ಮಾರಾಯ. ಬರ್ತಾ ಇದೆ" ಎಂದಳು.

ನಮ್ಮ ಆಫೀಸಿನಲ್ಲಿ ಸಾಹೇಬರು ಬರೆಯುವ ಪ್ರತಿ ಇಂಗ್ಲಿಷ್ ಪತ್ರದಲ್ಲೂ 'ಇನ್ ಕೇಸ್ ಇಫ್' ಇರುತ್ತದೆ. ಎರಡರಲ್ಲಿ ಒಂದು ಸಾಕು ಎಂದು ಹೇಳುವ ಧೈರ್ಯ ಹದಿನಾಲ್ಕು ವರ್ಷದಿಂದ ನನಗೆ ಬಂದಿಲ್ಲ. ಆದರೆ ಪಾಠ ಮಾಡುತ್ತಾ ಗೊತ್ತಾಯಿತು, ಸಾಹೇಬರ ತಪ್ಪು ಅಪ್ಪಟ ಕನ್ನಡದ ತಪ್ಪು. ನಾವು 'ಒಂದು ವೇಳೆ ಮಳೆ ಬಂದರೆ' ಎನ್ನುತ್ತೇವೆ. 'ಒಂದು ವೇಳೆ'ಯೂ ಬೇಕು, ಕೊನೆಗೆ 'ರೆ'ಯೂ ಬೇಕು. ಹಿಂದೊಂದು ಮುಂದೊಂದು ಕಾವಲು. ಅದೇ ರೂಢಿಯಲ್ಲಿ ಇಂಗ್ಲಿಷಿಗೂ ಎರಡು ಕಡೆ ಗೂಟ ಹೊಡೆಯುತ್ತೇವೆ. ಇದು ತಿಳಿದ ಮೇಲೆ ಸಾಹೇಬರ ಪತ್ರ ಓದುವಾಗ ಸಿಟ್ಟು ಬರುವುದು ನಿಂತಿದೆ.

ಕೇಸು ಎಂದರೆ ಕೋರ್ಟು ಎಂದೇ ಅಮ್ಮ ತಿಳಿದಿದ್ದಕ್ಕೆ ಕಾರಣ ಇದೆ. ನಮ್ಮ ಮನೆಯಲ್ಲಿ ಹತ್ತೊಂಬತ್ತು ವರ್ಷ ಒಂದು ಕೇಸು ಇತ್ತು. ಇತ್ತು ಎಂದರೆ, ನಾಯಿ ಇತ್ತು, ಎಮ್ಮೆ ಇತ್ತು ಅನ್ನುತ್ತೇವಲ್ಲ, ಹಾಗೆ ಇತ್ತು. ಅಪ್ಪಯ್ಯನಿಗೂ ಆಚೆಮನೆ ದೊಡ್ಡಪ್ಪಯ್ಯನಿಗೂ ನಡುವೆ. ಇಬ್ಬರ ಜಮೀನಿನ ನಡುವೆ ಒಂದು ಅಗಳು, ಅಂದರೆ ಗಡಿಗೆ ತೋಡಿದ ಕಂದಕ. ಅಗಳಿನ ದಿಬ್ಬದ ಮೇಲೆ ಒಂದು ಹಲಸಿನ ಮರ. ಬಕ್ಕೆ ಹಣ್ಣು, ಜೇನಿನಂಥ ತೊಳೆ. ಬೇರು ನಮ್ಮ ಕಡೆ ಎಂದು ಅಪ್ಪಯ್ಯ. ಹಣ್ಣು ಬೀಳುವುದು ತಮ್ಮ ಕಡೆ ಎಂದು ದೊಡ್ಡಪ್ಪಯ್ಯ. ಸರ್ವೆಯವರು ಬಂದು ಚೈನು ಹಿಡಿದರು. ಗಡಿ ಸರಿಯಾಗಿ ಮರದ ಬುಡದ ಮಧ್ಯದಲ್ಲೇ ಹೋಯಿತು. ಇಬ್ಬರಿಗೂ ಸಮಾಧಾನ ಆಗಲಿಲ್ಲ.

ತೀರ್ಮಾನ ಆಗುವವರೆಗೆ ಯಾರೂ ಹಣ್ಣು ಕೀಳಬಾರದು ಎಂದು ತಡೆಯಾಜ್ಞೆ ಬಂತು. ಮಂಗಗಳಿಗೆ ನೋಟಿಸ್ ಕೊಟ್ಟಿರಲಿಲ್ಲ. ಪ್ರತಿ ವರ್ಷ ಮೇ ತಿಂಗಳಲ್ಲಿ ಅಪ್ಪಯ್ಯ ಈಚೆ ಕಡೆ ನಿಂತು, ದೊಡ್ಡಪ್ಪಯ್ಯ ಆಚೆ ಕಡೆ ನಿಂತು, ಮಂಗಗಳು ಹಲಸಿನ ಹಣ್ಣು ತಿನ್ನುವುದನ್ನು ನೋಡುತ್ತಿದ್ದರು. ನಮಗೆ ಮಕ್ಕಳಿಗೆ ಮೇಲಿನಿಂದ ಬಿದ್ದ ಬೀಜ ಆರಿಸಿಕೊಳ್ಳಲೂ ಬಿಡುತ್ತಿರಲಿಲ್ಲ. ಆಜ್ಞೆ ಮೀರಿದ ಹಾಗಾಗುತ್ತದಂತೆ.

ವಾಯ್ದೆಯ ದಿನ ಇಬ್ಬರೂ ಒಂದೇ ಬಸ್ಸಿಗೆ ಹೋಗಬೇಕು, ಇದ್ದಿದ್ದೇ ಒಂದು ಬಸ್ಸು. ಮುಂದಿನ ಸೀಟಿನಲ್ಲಿ ಒಬ್ಬರು, ಹಿಂದಿನ ಸೀಟಿನಲ್ಲಿ ಒಬ್ಬರು. ಮಾತಿಲ್ಲ. ಆದರೆ ಒಂದು ಸಲ ಸಂಜೆ ಅಪ್ಪಯ್ಯ ವಕೀಲರ ಮನೆಯಲ್ಲಿ ತಡವಾಗಿ, ಬಸ್ಸು ಹೊರಡುವ ಹೊತ್ತಾದರೂ ಬರಲಿಲ್ಲ. ದೊಡ್ಡಪ್ಪಯ್ಯ ಬಸ್ಸಿನ ಬಾಗಿಲಲ್ಲೇ ಕಾಲು ಅಡ್ಡ ಇಟ್ಟು ನಿಂತು, "ನಮ್ಮ ಎದುರು ಪಾರ್ಟಿ ಬರಬೇಕು, ನಿಲ್ಸಿ" ಎಂದು ಕಾಲು ಗಂಟೆ ಬಸ್ ನಿಲ್ಲಿಸಿದ್ದರಂತೆ. ಇದನ್ನು ಅಪ್ಪಯ್ಯ ಈಗಲೂ ಹೇಳುತ್ತಾರೆ. ಕೊನೆಗೆ, "ಆದರೂ ಮರ ನಮ್ಮದೇ" ಎಂದು ಸೇರಿಸುತ್ತಾರೆ.

ಹತ್ತೊಂಬತ್ತನೇ ವರ್ಷದ ಆಷಾಢದಲ್ಲಿ ಒಂದು ರಾತ್ರಿ ಗಾಳಿಮಳೆಗೆ ಮರವೇ ಬಿದ್ದು ಹೋಯಿತು. ಅದೂ ಅಗಳಿನ ಉದ್ದಕ್ಕೇ ಬಿತ್ತು. ಈಚೆಗೂ ಇಲ್ಲ, ಆಚೆಗೂ ಇಲ್ಲ. ಕೇಸು ಅಲ್ಲಿಗೆ ಮುಗಿಯಿತು. ಇಬ್ಬರೂ ನಾಟ ಅರ್ಧ ಅರ್ಧ ಹಂಚಿಕೊಂಡರು.

ಹೀಗೆ ಪಾಠ ನಡೆಯುತ್ತಿರುವಾಗ ಬಸ್ಸಿನ ಪ್ರಕರಣ ಆಯಿತು. ಹಳ್ಳಿಯಿಂದ ಪೇಟೆಗೆ ಸಾಮಾನು ಕಳಿಸಲು ನಮ್ಮ ಕಡೆ ಬಸ್ಸಿನ ಕಂಡಕ್ಟರನ್ನು ಬಿಟ್ಟರೆ ಬೇರೆ ದಾರಿ ಯಾಕೆ ಬೇಕು? ಅವಲಕ್ಕಿ, ಬಾಳೆಗೊನೆ, ಕಳಲೆ, ಮರೆತು ಬಿಟ್ಟು ಹೋದ ಕನ್ನಡಕ, ಎಲ್ಲ ಹಾಗೇ ಬರುತ್ತವೆ. ಆಷಾಢ ಅಂದರೆ ಕೆಸುವಿನ ಕಾಲ. ಮರಗಳ ಮೇಲೆ ಮರಗೆಸು, ತೋಟದ ಅಂಚಿನಲ್ಲಿ ಮಾಮೂಲಿ ಕೆಸು. ಪತ್ರೊಡೆಗೆ ಎಂದು ಅಮ್ಮ ಎಲೆಗಳನ್ನು ಸುರುಳಿ ಸುತ್ತಿ, ಬಾಳೆಪಟ್ಟೆಯಲ್ಲಿ ಕಟ್ಟಿ, ಚೀಲದಲ್ಲಿಟ್ಟು ಕೊಟ್ಟಿದ್ದಾಳೆ. ಕಂಡಕ್ಟರ್ ಹೊಸ ಹುಡುಗ, ಬಯಲುಸೀಮೆಯವನು. ಕೆಸು ಅವನ ಕಿವಿಗೆ ಕೇಸು ಆಗಿದೆ.

ಹನ್ನೊಂದು ಗಂಟೆಗೆ ನನಗೆ ಫೋನ್ ಬಂತು. ಫೈಲ್ ಕಟ್ಟುತ್ತಾ ಇದ್ದೆ, ಕೈ ಖಾಲಿ ಇರಲಿಲ್ಲ. ಸ್ಪೀಕರ್ ಹಾಕಿದೆ.

"ಸಾರ್, ನಿಮ್ ತಾಯಿ ಕೇಸ್ ಕೊಟ್ಟಿದಾರೆ. ಬೇಗ ಬರ್ಬೇಕು. ಜಾಸ್ತಿ ಹೊತ್ತು ಇಟ್ಕೊಳ್ಳೋಕಾಗಲ್ಲ."

ಸೆಕ್ಷನ್ ಪೂರ್ತಿ ಗಪ್‌ಚುಪ್. ಟೈಪಿಂಗ್ ಸದ್ದೂ ನಿಂತಿತು. ಇಂಗ್ಲಿಷಿನಲ್ಲಿ ಕೇಸನ್ನು 'ಫೈಲ್' ಮಾಡುತ್ತಾರೆ. ಕನ್ನಡದಲ್ಲಿ ನಾವು ಕೇಸು ಹಾಕುತ್ತೇವೆ, ಜಡಿಯುತ್ತೇವೆ, ಟ್ರಾಫಿಕ್ಕಿನವರು ಹಿಡಿಯುತ್ತಾರೆ. ಮನೆಯವರ ಮೇಲೆ ಮಾತ್ರ 'ಕೇಸ್ ಕೊಡುತ್ತೇವೆ'. ಪೊಲೀಸ್ ಸ್ಟೇಷನ್ನಿಗೆ ಹೋಗಿ, ಅತ್ತು, ಕೊಡುವುದು. ಹೆತ್ತ ತಾಯಿ ಕೇಸ್ ಕೊಟ್ಟಿದ್ದಾಳೆ ಎಂದರೆ ಮಗ ಎಂಥವನಿರಬೇಕು? ಪಕ್ಕದ ಮೇಜಿನವರು ಕುರ್ಚಿ ಎಳೆದುಕೊಂಡು ಬಂದರು. ಅವರಿಗೆ ಕಾಯ್ದೆ ಕಾನೂನು ಚೆನ್ನಾಗಿ ಗೊತ್ತು. "2007ರ ಆಕ್ಟು ಇದೆ ನೋಡಿ, ತಂದೆ ತಾಯಿ, ಹಿರಿಯ ನಾಗರಿಕರ ಪೋಷಣೆದು. ತಿಂಗಳಿಗೆ ಹತ್ತು ಸಾವಿರದವರೆಗೂ ಕೊಡಿಸ್ತಾರೆ. ಎಸಿಯವರ ಹತ್ರ ಹೋಗುತ್ತೆ. ಸುಮ್ನೆ ಕಾಂಪ್ರೊಮೈಸ್ ಮಾಡ್ಕೊಂಡುಬಿಡಿ" ಎಂದರು. ಇನ್ನೊಬ್ಬರು, "ಜಮೀನೇನಾದ್ರೂ ನಿಮ್ಮ ಹೆಸರಿಗೆ ಮಾಡಿಸ್ಕೊಂಡಿದ್ರಾ?" ಎಂದು ಮೆಲ್ಲಗೆ ಕೇಳಿದರು. ನನಗೂ ಒಂದು ಕ್ಷಣ ಎದೆ ಧಸಕ್ಕೆಂದಿತು. ಹೋದ ವಾರ ಪಾಠದ ಮಧ್ಯೆ ಸ್ವಲ್ಪ ಜೋರಾಗಿ ರೇಗಿದ್ದೆ.

ಬಸ್ ಸ್ಟ್ಯಾಂಡಿಗೆ ಹೋದಾಗ ಕಂಡಕ್ಟರ್ ಚೀಲ ಕೊಟ್ಟು, "ಒಳಗೆ ಹಾವು ಗೀವು ಇಲ್ಲ ತಾನೇ ಸಾರ್?" ಎಂದ. ಮಾರನೇ ದಿನ ಸೆಕ್ಷನ್ನಿಗೆಲ್ಲ ಪತ್ರೊಡೆ ಒಯ್ದೆ. ಎಲ್ಲರೂ ತಿಂದರು. ಕಾನೂನು ಗೊತ್ತಿದ್ದವರು ಎರಡು ಹೋಳು ಜಾಸ್ತಿ ತಿಂದು, ಗಂಟಲು ತುರಿಸಿದರೆ ನಾನೂ ಒಂದು ಕೇಸ್ ಹಾಕ್ತೀನಿ ಎಂದರು.

ಆಗಸ್ಟಿನಲ್ಲಿ ಊರಿಗೆ ಹೋದಾಗ ನಾನೇ ಒಂದು ಕೇಸಾದೆ. ಅಂಗಳಕ್ಕೆ ಇಳಿಯುವ ಮೆಟ್ಟಿಲ ಮೇಲೆ ಪಾಚಿ ಕಟ್ಟಿತ್ತು. ಕಾಲು ಜಾರಿ ಮೂರು ಮೆಟ್ಟಿಲನ್ನು ಕೂತುಕೊಂಡೇ ಇಳಿದೆ. ಪಾದ ಊದಿಕೊಂಡು ಹಲಸಿನ ಮಿಡಿಯ ಹಾಗಾಯಿತು. ಯಾರದೋ ಓಮ್ನಿಯಲ್ಲಿ ಹಾಕಿಕೊಂಡು ಪೇಟೆಯ ಆಸ್ಪತ್ರೆಗೆ ಕರೆದುಕೊಂಡು ಹೋದರು. ಅಲ್ಲಿ ಬೆಂಚಿನ ಮೇಲೆ ಕೂತಿದ್ದಾಗ ಒಬ್ಬರು ಸಿಸ್ಟರ್ ಬಂದು ಕೂಗಿದರು:

"ಆ ಬಿದ್ದಿರೋ ಕೇಸ್ ಯಾವ್ದು?"

ಸಾಲಾಗಿ ಮೂವರು ಕೈ ಎತ್ತಿದೆವು. ಒಬ್ಬರು ಅಡಿಕೆ ಮರದಿಂದ, ಒಬ್ಬರು ಬೈಕಿನಿಂದ, ನಾನು ಮೆಟ್ಟಿಲಿನಿಂದ. ಸಿಸ್ಟರ್ ನಮ್ಮನ್ನು ಎತ್ತರದ ಪ್ರಕಾರ ವಿಂಗಡಿಸಿ ಒಳಗೆ ಕಳಿಸಿದರು. ಆಸ್ಪತ್ರೆಯಲ್ಲಿ ಮನುಷ್ಯರೇ ಇರುವುದಿಲ್ಲ. ಡೆಲಿವರಿ ಕೇಸು, ಹಾವು ಕಚ್ಚಿದ ಕೇಸು, ಕುಡಿದು ಬಂದ ಕೇಸು, ಬರೀ ಇವೇ. ನಮ್ಮ ಜಿಲ್ಲೆಯವರಿಗೆ ಈ ಅರ್ಥ ಬೇರೆಯವರಿಗಿಂತ ಮುಂಚೆಯೇ ಗೊತ್ತು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗನ ಕಾಯಿಲೆ ಪತ್ತೆಯಾದ ಮೇಲೆ, ಪ್ರತಿ ಬೇಸಿಗೆಯಲ್ಲೂ ಪೇಪರಿನಲ್ಲಿ 'ಮತ್ತೊಂದು ಕೇಸ್' ಎಂದು ಓದಿ ಹೆದರಿದವರು ನಾವು. 2020ರಲ್ಲಿ ಕೊರೊನಾ ಬಂದಾಗ ಇಡೀ ದೇಶವೇ ದಿನಾ ಕೇಸು ಎಣಿಸಿತು. ಅಪ್ಪಯ್ಯ ಆಗ ಟಿವಿ ನೋಡಿ, ಇಷ್ಟೊಂದು ಕೇಸಿಗೆ ವಕೀಲರೆಲ್ಲಿ ಸಾಕಾಗ್ತಾರೆ ಎಂದಿದ್ದರು. ತಮಾಷೆಗೆ ಹೇಳಿದ್ದೋ ನಿಜವಾಗಿಯೋ ಇನ್ನೂ ಗೊತ್ತಾಗಿಲ್ಲ.

ಕಾಲಿಗೆ ಪಟ್ಟಿ ಕಟ್ಟಿಸಿಕೊಂಡು ಮಲಗಿದ್ದಾಗ ಮೊಬೈಲಿನಲ್ಲಿ ಡಿಕ್ಷನರಿ ತೆರೆದೆ. ಕೇಸು ಎಲ್ಲಿಂದ ಬಂತು ನೋಡೋಣ ಎಂದು. ಲ್ಯಾಟಿನ್ ಭಾಷೆಯ 'ಕಾಸುಸ್' ಅಂತೆ. ಅದರ ಅರ್ಥ ಏನು ಗೊತ್ತಾ? ಬೀಳುವುದು. 'ಕಾದೆರೆ' ಎಂದರೆ ಬೀಳು. ಏನೋ ಒಂದು ಬಂದು ನಮ್ಮ ಮೇಲೆ ಬೀಳುತ್ತದಲ್ಲ, ಆ ಬಿದ್ದಿದ್ದೇ ಕೇಸು. ಅಮ್ಮ ಆವತ್ತು ಗೊಬ್ಬರಗುಂಡಿಯ ಪಕ್ಕ ನಿಂತು 'ಮಗು ಮೇಲೆ ಕೇಸು ಬಿದ್ದಿದೆ' ಎಂದಾಗ ಲ್ಯಾಟಿನ್ ಪಂಡಿತರೂ ತಲೆದೂಗುವಂಥ ಮಾತನ್ನೇ ಆಡಿದ್ದಳು. ಇಂಗ್ಲಿಷಿನವರು ಮರೆತಿದ್ದನ್ನು ಕನ್ನಡದವರು ಗೊತ್ತಿಲ್ಲದೆಯೇ ಎತ್ತಿಟ್ಟುಕೊಂಡಿದ್ದೇವೆ. 'ಬಿದ್ದಿರೋ ಕೇಸ್' ಎಂದ ಸಿಸ್ಟರ್ ಅಂತೂ ಒಂದೇ ಅರ್ಥವನ್ನು ಎರಡು ಭಾಷೆಯಲ್ಲಿ ಹೇಳಿದ್ದರು, ಗೇಟು ಬಾಗಿಲು ಅನ್ನುವ ಹಾಗೆ.

ಆ ಬೇರಿನ ಸಂಸಾರ ದೊಡ್ಡದು. ನಾನು ಮಲಗಿದ್ದ ಜಾಗದ ಬೋರ್ಡಿನಲ್ಲಿದ್ದ ಕ್ಯಾಜುವಾಲ್ಟಿ ಅದರ ಮಗಳು. ಆವತ್ತು ನಾನು ಹಾಕಿದ ಕ್ಯಾಶುಯಲ್ ಲೀವು ಇನ್ನೊಬ್ಬ ಮಗ. ಆಕ್ಸಿಡೆಂಟು ಕೂಡ ಅದೇ ಮನೆಯದು. ಬಿದ್ದಿದ್ದಕ್ಕೆ ಬೀಳುವ ರಜೆ ಹಾಕಿ ಬಿದ್ದವರ ವಾರ್ಡಿನಲ್ಲಿ ಮಲಗಿದ್ದೆ. ಜಲಪಾತಕ್ಕೆ ಕ್ಯಾಸ್ಕೇಡ್ ಎನ್ನುತ್ತಾರಲ್ಲ, ಅದೂ ಇಟಲಿ ಸುತ್ತಿಕೊಂಡು ಬಂದ ದೂರದ ಮೊಮ್ಮಗಳು. ಶರಾವತಿ ಜೋಗದಲ್ಲಿ 253 ಮೀಟರ್ ಬಿದ್ದರೆ ಜನ ಬಸ್ ಮಾಡಿಕೊಂಡು ಬಂದು ಫೋಟೋ ಹೊಡೆಸಿಕೊಳ್ಳುತ್ತಾರೆ. ನಾನು ಒಂದೂವರೆ ಅಡಿ ಬಿದ್ದಿದ್ದಕ್ಕೆ "ನೋಡ್ಕೊಂಡು ನಡೆಯೋಕೆ ಎಂತ ಆಗಿತ್ತು?" ಎಂದು ಮನೆಯವರೆಲ್ಲ ಸರದಿಯ ಮೇಲೆ ಬೈದರು.

ಪಟ್ಟಿ ಬದಲಿಸಲು ಪೇಟೆಗೆ ಹೋದಾಗ ಅಮ್ಮನೂ ಬಂದಳು. ಗೊಬ್ಬರಗುಂಡಿಯ ಪಕ್ಕ ನೆನೆದೂ ನೆನೆದೂ ಅವಳ ಮೊಬೈಲಿಗೆ ಶೀತವಾಗಿತ್ತು. ಅದಕ್ಕೊಂದು ಕವರ್ ಹಾಕಿಸಬೇಕು. ಅಂಗಡಿಯ ಹುಡುಗ, "ಪೌಚ್ ಬೇಕಾ ಆಂಟಿ, ಬ್ಯಾಕ್ ಕೇಸ್ ಬೇಕಾ?" ಎಂದು ಕೇಳಿ ಗೋಡೆ ತೋರಿಸಿದ. ಗೋಡೆ ತುಂಬ ಕೇಸುಗಳು ನೇತಾಡುತ್ತಿದ್ದವು. ಗುಲಾಬಿ, ಹಸಿರು, ನವಿಲುಗರಿ, ಹುಲಿ. ಅಮ್ಮ ನನ್ನ ಕಿವಿಯಲ್ಲಿ ಹೇಳಿದಳು: "ಇಷ್ಟು ಕೇಸಿದ್ರೂ ಎಷ್ಟು ಆರಾಮಾಗಿದ್ದಾನೆ ನೋಡು. ನಿಮ್ಮಪ್ಪಯ್ಯ ಒಂದಕ್ಕೇ ಬಿಪಿ ಮಾತ್ರೆ ಶುರು ಮಾಡಿದ್ರು."

ಹುಡುಗ ಕೇಸ್ ಹಾಕಿಕೊಟ್ಟ. (ಮೊಬೈಲಿಗೂ ಕೇಸನ್ನು ಹಾಕುವುದೇ. ಅಮ್ಮ ಇದನ್ನೂ ಗಮನಿಸಿದಳು.) ಆಮೇಲೆ ಅಣ್ಣ ಹೇಳಿದ್ದ ಯಾವುದೋ ಅಕೌಂಟ್ ತೆರೆದುಕೊಟ್ಟು, "ಪಾಸ್‌ವರ್ಡ್ ಕೇಸ್ ಸೆನ್ಸಿಟಿವ್ ಆಂಟಿ, ನೋಡ್ಕೊಂಡು ಹಾಕಿ" ಎಂದ.

"ಹಂಗಂದ್ರೆ ಕೇಸಿನ ಸುದ್ದಿ ಎತ್ತಿದ್ರೆ ಸಿಟ್ಟು ಬರೋದು ಅಲ್ವಾ?" ಎಂದಳು ಅಮ್ಮ. "ನಮ್ಮ ಮನೇಲೂ ಒಬ್ರಿದಾರೆ."

ಬಸ್ಸಿನಲ್ಲಿ ಬರುತ್ತಾ ಬಿಡಿಸಿ ಹೇಳಿದೆ. ಹಿಂದೆ ಪ್ರೆಸ್ಸಿನಲ್ಲಿ ಸೀಸದ ಅಚ್ಚುಮೊಳೆ ಜೋಡಿಸುವಾಗ, ದೊಡ್ಡ ಎಬಿಸಿಡಿ ಮೊಳೆಗಳನ್ನು ಮೇಲಿನ ಮರದ ಪೆಟ್ಟಿಗೆಯಲ್ಲಿ, ಚಿಕ್ಕವನ್ನು ಕೆಳಗಿನ ಪೆಟ್ಟಿಗೆಯಲ್ಲಿ ಇಟ್ಟಿರುತ್ತಿದ್ದರು. ಅದಕ್ಕೇ ದೊಡ್ಡಕ್ಷರಕ್ಕೆ ಅಪ್ಪರ್ ಕೇಸ್, ಚಿಕ್ಕಕ್ಷರಕ್ಕೆ ಲೋವರ್ ಕೇಸ್. ಕನ್ನಡದಲ್ಲಿ ಈ ರಗಳೆ ಇಲ್ಲ ಎಂದೆ. "ನಮ್ಮಲ್ಲಿ ಒತ್ತಕ್ಷರ ಇದೆಯಲ್ಲ, ಪಾಪ ಅದು ಯಾವಾಗಲೂ ಕೆಳಗೇ ಕೂತಿರುತ್ತೆ" ಎಂದಳು ಅಮ್ಮ.

ಇಲ್ಲಿಗೆ ಗಂಟು ಬಿಚ್ಚಿತು. ಇಂಗ್ಲಿಷಿನ ಕೇಸು ಒಂದಲ್ಲ, ಎರಡು. ಡಿಕ್ಷನರಿಯಲ್ಲೂ ಬೇರೆ ಬೇರೆಯಾಗಿಯೇ ಇವೆ. ಬೀಳುವ ಕೇಸು ಒಂದು. ಕೋರ್ಟಿನದು, ಆಸ್ಪತ್ರೆಯದು, ರೇನ್‌ಕೋಟಿನದು ಎಲ್ಲ ಅದೇ. ಪೆಟ್ಟಿಗೆಯ ಕೇಸು ಇನ್ನೊಂದು. ಅದು ಲ್ಯಾಟಿನ್ನಿನ 'ಕಾಪ್ಸ'ದಿಂದ ಬಂದಿದ್ದು, ಹಿಡಿದಿಡುವುದು ಎಂಬ ಅರ್ಥದ ಬೇರು. ಸೂಟ್‌ಕೇಸು, ದಿಂಬಿನ ಪಿಲ್ಲೋಕೇಸು, ಮೊಬೈಲ್ ಕೇಸು, ಅಚ್ಚುಮೊಳೆಯ ಕೇಸು. ಒಂದು ಬೀಳಿಸುತ್ತದೆ, ಇನ್ನೊಂದು ಹಿಡಿದುಕೊಳ್ಳುತ್ತದೆ. ಹೆಸರು ಒಂದೇ ಆದರೂ ನೆಂಟಸ್ತನ ಇಲ್ಲ, ಒಂದೇ ಕ್ಲಾಸಿನಲ್ಲಿ ಇಬ್ಬರು ಮಂಜುನಾಥರು ಇರುವ ಹಾಗೆ.

"ಎರಡೂ ಎಲ್ಲೂ ಸೇರೋದೇ ಇಲ್ವಾ?" ಎಂದಳು ಅಮ್ಮ.

ಸೇರುವುದಿಲ್ಲ ಎಂದೆ. ಮನೆಗೆ ಬಂದು ಜಗುಲಿಯಲ್ಲಿ ಕಾಲು ಚಾಚಿ ಕೂತೆ. ಅಮ್ಮ ಕಾಫಿ ತಂದಿಟ್ಟು ಎದುರಿಗೆ ಬೆರಳು ತೋರಿಸಿದಳು. ಗೋಡೆಗೆ ಹೊಂದಿಕೊಂಡು ನಮ್ಮ ಮನೆಯ ಶೋಕೇಸು ನಿಂತಿತ್ತು. ಹಳದಿ ಬಣ್ಣದ ಹಲಸಿನ ಹಲಗೆ, ಗಾಜಿನ ಬಾಗಿಲು. ಒಳಗೆ ಅಣ್ಣನ ಶಾಲೆಯ ಕಪ್ಪುಗಳು, ತಲೆ ಅಲ್ಲಾಡಿಸುವ ಬೊಂಬೆ, ಸಾಗರದಿಂದ ತಂದ ಶ್ರೀಗಂಧದ ಆನೆ. ಅರ್ಧ ನಾಟದಲ್ಲಿ ಅಪ್ಪಯ್ಯ ಮಾಡಿಸಿದ್ದು. ಇನ್ನರ್ಧದಲ್ಲಿ ಆಚೆಮನೆಯಲ್ಲಿ ಇದರದೇ ಅಳತೆಯ ಇನ್ನೊಂದಿದೆ. ಬಡಗಿ ಒಬ್ಬನೇ.

"ಕೇಸು ಬಿತ್ತು, ಶೋಕೇಸಾಯ್ತು. ನೀನು ಸೇರಲ್ಲ ಅಂತೀಯ" ಎಂದಳು.

ಡಿಗ್ರಿ ಮುಗಿಸಿ ಮೂವತ್ತು ವರ್ಷವಾದ ಮೇಲೆ ಹೀಗೆ ಏಳನೇ ಕ್ಲಾಸಿನವರ ಎದುರು ಸೋತಿದ್ದು ತಡೆಯಲಾಗಲಿಲ್ಲ. ಉಳಿದಿದ್ದ ಒಂದು ಅಸ್ತ್ರ ಬಿಟ್ಟೆ. ಇಂಗ್ಲಿಷ್ ವ್ಯಾಕರಣದಲ್ಲೂ ಒಂದು ಕೇಸು ಇದೆ, ನಮ್ಮ ವಿಭಕ್ತಿಗೆ ಅವರು ಕೇಸ್ ಅನ್ನುತ್ತಾರೆ ಎಂದೆ. ನೆಟ್ಟಗೆ ನಿಂತ ಶಬ್ದ ಬೇರೆ ಬೇರೆ ಕಡೆಗೆ ವಾಲಿ ಬೀಳುತ್ತದೆ ಎಂದು ಗ್ರೀಕರು ಅಂದುಕೊಂಡಿದ್ದರಂತೆ, ಅದಕ್ಕೇ ಅದೂ ಬೀಳುವ ಕೇಸೇ ಎಂದೆ. ಇಂಗ್ಲಿಷಿನ ನಾಮಪದಗಳಿಗೆ ಹಿಂದೆ ವಿಭಕ್ತಿ ಜಾಸ್ತಿ ಇತ್ತು, ಈಗ ಷಷ್ಠಿಗೆ ಒಂದು ಎಸ್ ಮಾತ್ರ ಉಳಿದಿದೆ ಎಂದೂ ಸೇರಿಸಿದೆ.

"ಬಾಕಿ ಎಲ್ಲ ಬಿದ್ದೇ ಹೋದ್ವಾ? ಪಾಪ" ಎಂದಳು. ಆಮೇಲೆ ಕಣ್ಣು ಮುಚ್ಚಿ, ಶಾಲೆಯಲ್ಲಿ ಮೇಷ್ಟ್ರು ಬಾಯಿಪಾಠ ಮಾಡಿಸಿದ್ದ ರಾಗದಲ್ಲಿ ಶುರು ಮಾಡಿದಳು. "ಮರವು, ಮರವನ್ನು, ಮರದಿಂದ, ಮರಕ್ಕೆ..."

ಅಷ್ಟಕ್ಕೆ ನಿಲ್ಲಿಸಿ ನಕ್ಕಳು. ಶೋಕೇಸಿನ ಕಡೆ ನೋಡಿಕೊಂಡು ಮತ್ತೆ ಮೊದಲಿನಿಂದ ಹೇಳಿದಳು.

"ಮರವು ಬಿತ್ತು. ಮರವನ್ನು ಕುಯ್ಸಿದ್ರು. ಮರದಿಂದ ಇದನ್ನ ಮಾಡ್ಸಿದ್ರು. ಮರಕ್ಕೆ ಹತ್ತೊಂಬತ್ತು ವರ್ಷ ಬಸ್ ಚಾರ್ಜು. ಮರದ ದೆಸೆಯಿಂದ ಆಚೆಮನೆ ಅಕ್ಕನ ಮಗಳ ಮದುವೆಗೆ ನಾನು ಹೋಗ್ಲಿಲ್ಲ. ಮರದ ನೆರಳು ಇಬ್ಬರ ಗದ್ದೆಗೂ ಬೀಳ್ತಿತ್ತು. ಮರದಲ್ಲಿ ಒಂದು ವರ್ಷ ಅರವತ್ತು ಕಾಯಿ ಇತ್ತು, ನಾನೇ ಎಣಿಸಿದ್ದೆ."

ಪಂಚಮೀ ವಿಭಕ್ತಿಯನ್ನು ಬಾಯಿಬಿಟ್ಟು ಬಳಸಿದವರನ್ನು ನಾನು ನೋಡಿದ್ದು ಆವತ್ತೇ ಮೊದಲು. 'ದೆಸೆಯಿಂದ' ಎನ್ನುವುದು ಪರೀಕ್ಷೆಗೆ ಮಾತ್ರ ಇರುವ ಪ್ರತ್ಯಯ ಎಂದುಕೊಂಡಿದ್ದೆ.

"ಸಂಬೋಧನೆ ಬಿಟ್ಟೆ" ಎಂದೆ.

"ಮರವೇ!" ಎಂದು ಅಮ್ಮ ಸ್ವಲ್ಪ ಜೋರಾಗಿಯೇ ಕೂಗಿದಳು.

ಒಳಗಿನ ಕೋಣೆಯಲ್ಲಿ ಮಂಚ ಕಿರುಗುಟ್ಟಿತು. ಅಪ್ಪಯ್ಯನಿಗೆ ಈಗ ಕಿವಿ ಸರಿಯಾಗಿ ಕೇಳುವುದಿಲ್ಲ. ಊಟಕ್ಕೆ ಮೂರು ಸಲ ಕರೆಯಬೇಕು. ಆದರೆ ಮಫ್ಲರ್ ಸುತ್ತಿಕೊಂಡು, ಕೋಲು ಊರಿಕೊಂಡು ಬಾಗಿಲಿಗೆ ಬಂದು ನಿಂತರು.

"ಯಾವ ಮರ?" ಎಂದರು. "ಬಿತ್ತಾ? ಅಗಳಿನ ಈಚೆಗಾ, ಆಚೆಗಾ?"